ಮಣಿಕಟ್ಟಿನ ಮೊರೆ

‘ಕನಕಪುರ’ ಎಂದು ಗಣಕದಲ್ಲಿ ಬೆರಳಚ್ಚಿಸುವುದು ಸುಲಭ. ನುಡಿ ತಂತ್ರಾಂಶದಲ್ಲಿ ಆರು ಕೀಲಿಗಳನ್ನು ಒಂದಾದ ಮೇಲೊಂದರಂತೆ ಒತ್ತಿದರೆ ಹೆಸರು ಮೂಡುತ್ತದೆ. ‘ರಾಮನಗರ’, ‘ಮಾಗಡಿ’ಗಳ ದೀರ್ಘಕ್ಕೆ ಒಂದೊಂದು ಸಲ ಶಿಫ್ಟ್ ಕೀಲಿಯ ನೆರವು ಬೇಕು. ಬೆರಳುಗಳ ಪೇಚಾಟವೆಲ್ಲ ‘ಚನ್ನಪಟ್ಟಣ’ದಲ್ಲಿ: ಎರಡು ಒತ್ತಕ್ಷರಗಳಿಗೆ ಎಫ್ ಕೀಲಿ ಎರಡು ಸಲ, ಕಡೆಯ ಣಕಾರಕ್ಕೆ ಶಿಫ್ಟ್. ಹೆಸರೊಂದೇ ಆದರೆ ಚಿಂತೆಯಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅರ್ಜಿ, ಪಹಣಿ, ನಡಾವಳಿಗಳನ್ನು ಬೆರಳಚ್ಚಿಸುತ್ತ ಕೂರುವ ತಾಲ್ಲೂಕು ಕಚೇರಿಯ ನೌಕರರಿಗೆ ಈ ಒತ್ತುಗಳು ಲೆಕ್ಕಕ್ಕೇ ಸಿಗವು.

ಬಹುಮಂದಿ ಮಾಡುವ ತಪ್ಪೊಂದುಂಟು. ಆಕಾರದ ಕೀಲಿ ಎಡಗೈಯ ಪಾಲಿನದು. ಅದೇ ಕೈಯ ಕಿರುಬೆರಳಿನಿಂದ ಶಿಫ್ಟನ್ನೂ ಹಿಡಿಯಹೋದರೆ ಮಣಿಕಟ್ಟು ಸೊಟ್ಟಗಾಗುತ್ತದೆ. ಬಲಬದಿಯ ಶಿಫ್ಟ್ ಇರುವುದಾದರೂ ಏತಕ್ಕೆ? ಟೈಪ್‌ರೈಟಿಂಗ್ ಶಾಲೆಗಳು ಕಲಿಸುತ್ತಿದ್ದ ಈ ಪಾಠವನ್ನು ಗಣಕದೊಡನೆ ಬೆಳೆದವರು ಕಲಿತೇ ಇಲ್ಲ.

ಮಣಿಕಟ್ಟಿನಲ್ಲಿ ಮೂಳೆಗಳಿಗೂ ಗಟ್ಟಿಯಾದ ಪಟ್ಟಿಯೊಂದಕ್ಕೂ ನಡುವೆ ಇಕ್ಕಟ್ಟಾದ ಸುರಂಗವಿದೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ನರವೂ ಅದರೊಳಗೇ ಹಾಯಬೇಕು. ಕೈ ಮೇಲಕ್ಕೋ ಕೆಳಕ್ಕೋ ಬಾಗಿದಷ್ಟೂ ಒಳಗಿನ ಒತ್ತಡ ಹೆಚ್ಚು. ನರ ನಲುಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗ ಜೋಮು ಹಿಡಿಯುತ್ತವೆ; ಕಿರುಬೆರಳು ಮಾತ್ರ ಪಾರಾಗುತ್ತದೆ. ನಡುರಾತ್ರಿ ಎಚ್ಚೆತ್ತು ಕೈ ಕೊಡವಿಕೊಳ್ಳುವುದು ಇದರ ಹಳೆಯ ಗುರುತು. ಅಲಕ್ಷಿಸಿದರೆ ಹೆಬ್ಬೆರಳ ಬುಡದ ಮಾಂಸಖಂಡ ಕರಗಿ, ಅಂಗಿಯ ಗುಂಡಿ ಹಾಕುವುದೂ ಕಷ್ಟವಾದೀತು. ಕೈಯನ್ನೇ ನಂಬಿದ ಸಂಸಾರಕ್ಕೆ ಇದು ಸಣ್ಣ ಮಾತಲ್ಲ.

ಹಾಗೆಂದು ಪಾಪವನ್ನೆಲ್ಲ ಗಣಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೆರಳಚ್ಚಿನಿಂದ ಸ್ನಾಯುಗಳು ದಣಿದು ನೋಯುವುದು ನಿಜ. ನರದ ಈ ಬಾಧೆಗೆ ಅದೊಂದೇ ಕಾರಣವೆಂದು ವೈದ್ಯಶಾಸ್ತ್ರ ಒಪ್ಪಿಲ್ಲ. ಬಿಗಿಹಿಡಿತದಿಂದ ಮತ್ತೆ ಮತ್ತೆ ಮಾಡುವ ಕೆಲಸದ ಮೇಲೆ ಅದಕ್ಕೆ ಹೆಚ್ಚಿನ ಗುಮಾನಿ. ಹೀಗಾಗಿ ತಿರುಗುವ ಮರಕ್ಕೆ ಉಳಿ ಹಿಡಿದು ಬೊಂಬೆ ಕಡೆಯುವ ಚನ್ನಪಟ್ಟಣದ ಕುಶಲಕರ್ಮಿಯೂ ಎಚ್ಚರದಿಂದಿರಬೇಕು. ಮಧುಮೇಹ, ಥೈರಾಯ್ಡ್ ಕೊರತೆ ಉಳ್ಳವರಲ್ಲಿಯೂ ಗರ್ಭಿಣಿಯರಲ್ಲಿಯೂ ಈ ಬಾಧೆ ಹೆಚ್ಚು.

ಉಪಾಯಗಳಿಗೆ ಕಾಸಿನ ಖರ್ಚಿಲ್ಲ. ಕೀಲಿಮಣೆ ಮೊಣಕೈಯ ಮಟ್ಟಕ್ಕಿರಲಿ. ಮೇಜು ಎತ್ತರವಾದರೆ ಕುರ್ಚಿಗೊಂದು ದಿಂಬು, ಕಾಲಿಗೊಂದು ಮಣೆ. ಕೀಲಿಮಣೆಯ ಹಿಂಬದಿಯ ಪುಟ್ಟ ಕಾಲುಗಳನ್ನು ಎಬ್ಬಿಸುವುದು ಅನೇಕರ ಚಟ. ಅವನ್ನು ಮಡಿಸಿಟ್ಟರೆ ಕೈ ನೇರವಾಗುತ್ತದೆ. ಬೆರಳಚ್ಚಿಸುವಾಗ ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಬಾರದು. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬಂದರೆ ಕಡತವೇನೂ ಓಡಿಹೋಗದು. ಮಂಚದ ಮೇಲೆ ಒರಗಿ ಲ್ಯಾಪ್‌ಟಾಪ್ ಬಡಿಯುವ ಕಾಲೇಜು ಮಕ್ಕಳನ್ನು ಮೇಜಿಗೆ ಕರೆತರುವುದು ತಾಯಂದಿರ ಪಾಲಿನ ಕೆಲಸ. ಅದು ಸುಲಭವಲ್ಲವೆಂಬುದೂ ಗೊತ್ತಿರುವ ಸಂಗತಿಯೇ!

ರಾತ್ರಿಯ ಜೋಮು ಕೆಲವು ವಾರ ನಿಲ್ಲದಿದ್ದರೆ, ಹಿಡಿದ ಲೋಟ ಜಾರತೊಡಗಿದರೆ, ಮುಲಾಮು ತಿಕ್ಕುತ್ತ ಕೂರದೆ ವೈದ್ಯರ ಬಳಿಗೆ ಹೋಗುವುದು ಲೇಸು. ಮೊದಲ ಹಂತದಲ್ಲಿ ಮಣಿಕಟ್ಟನ್ನು ನೇರವಾಗಿರಿಸುವ ಪಟ್ಟಿಯನ್ನು ಮಲಗುವಾಗ ಕಟ್ಟಿಕೊಂಡರೇ ಎಷ್ಟೋ ಮಂದಿಗೆ ಗುಣ ಕಾಣುತ್ತದೆ.