ಪರವಾನಗಿಗೆ ಪ್ರೊಬೇಷನ್: ಶಿಕ್ಷೆಯೋ, ಬಂಡವಾಳದ ರಕ್ಷಣೆಯೋ?

ವೃತ್ತಿನಿರತರಿಗೆ ಪರವಾನಗಿಯೇ ಬಂಡವಾಳ. ಗೋದಾಮಿಗೆ ಬೆಂಕಿ ಬಿದ್ದರೆ ವಿಮೆ ಉಂಟು, ಬಾಕಿ ವಸೂಲಾಗದಿದ್ದರೆ ನ್ಯಾಯಾಲಯ ಉಂಟು. ಆದರೆ ಮದ್ಯ ಅಥವಾ ಮಾದಕ ದ್ರವ್ಯದ ವ್ಯಸನದಿಂದ ವೈದ್ಯರೋ ದಾದಿಯರೋ ಪರವಾನಗಿ ಕಳೆದುಕೊಂಡರೆ ಹಲವು ವರ್ಷಗಳ ವಿದ್ಯೆ ಒಂದೇ ಆದೇಶದಿಂದ ನಿರರ್ಥಕವಾಗುತ್ತದೆ. ಹಾಗೆಂದು ಅಮಲಿನಲ್ಲಿ ನಡುಗುವ ಕೈಗೆ ರೋಗಿಯ ಪ್ರಾಣವನ್ನು ಒಪ್ಪಿಸಲೂ ಆಗದು. ಈ ಇಕ್ಕಟ್ಟಿಗೆ ಅಮೆರಿಕದ ರಾಜ್ಯಗಳ ಪರವಾನಗಿ ಮಂಡಳಿಗಳು ಅನುಸರಿಸುತ್ತಿರುವ ಮಾರ್ಗವೇ ಪ್ರೊಬೇಷನ್, ಅಂದರೆ ನಿಗಾವಣೆಗೆ ಒಳಪಟ್ಟ ಷರತ್ತುಬದ್ಧ ಪರವಾನಗಿ.

ಕ್ಯಾಲಿಫೋರ್ನಿಯಾದ ವ್ಯವಸ್ಥೆ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿನ ವೈದ್ಯಕೀಯ ಮಂಡಳಿ 1980ರಿಂದ ನಡೆಸುತ್ತಿದ್ದ ಗೋಪ್ಯ ಚಿಕಿತ್ಸಾ ಯೋಜನೆಯಲ್ಲಿನ ಲೋಪಗಳನ್ನು ಲೆಕ್ಕಪರಿಶೋಧನೆಗಳು ಪದೇ ಪದೇ ಎತ್ತಿ ತೋರಿದ್ದರಿಂದ 2008ರಲ್ಲಿ ಅದನ್ನು ಮುಚ್ಚಲಾಯಿತು. ಅದೇ ವರ್ಷದ ಶಾಸನದ ಅನ್ವಯ ಏಕರೂಪದ ಮಾನದಂಡಗಳು ರೂಪುಗೊಂಡವು. ಅವುಗಳ ಪ್ರಕಾರ ಮೊದಲ ವರ್ಷ 52ರಿಂದ 104 ಬಾರಿ, ನಂತರದ ವರ್ಷಗಳಲ್ಲಿ 36ರಿಂದ 104 ಬಾರಿ ಮುನ್ಸೂಚನೆಯಿಲ್ಲದ ಪರೀಕ್ಷೆಗೆ ಒಳಗಾಗಬೇಕು. ಇದಕ್ಕೆ ರಜಾದಿನಗಳ ವಿನಾಯಿತಿಯೂ ಇಲ್ಲ. ತನ್ನ ಸರದಿ ಬಂದಿದೆಯೇ ಎಂದು ಪ್ರತಿದಿನ ವಿಚಾರಿಸಿ ತಿಳಿಯಬೇಕು. ಮಾದಕ ವಸ್ತು ಪತ್ತೆಯಾದಲ್ಲಿ ಕೆಲಸ ತಕ್ಷಣ ನಿಲ್ಲುತ್ತದೆ. ಇದರ ಜೊತೆಗೆ ಚೇತರಿಕೆಯ ಸಭೆಗಳಲ್ಲಿ ಹಾಜರಾತಿ, ಕೆಲಸದ ಸ್ಥಳದಲ್ಲಿ ಮೇಲ್ವಿಚಾರಣೆ, ತ್ರೈಮಾಸಿಕ ವರದಿ ಮುಂತಾದ ಷರತ್ತುಗಳನ್ನೂ ವಿಧಿಸಬಹುದು.

ಇಂತಹ ಅವಧಿಯನ್ನು ದಾಟುವವನಿಗೆ ಮನೋಬಲದಷ್ಟೇ ದಫ್ತರಿನ ಶಿಸ್ತೂ ಅವಶ್ಯಕ. ಪ್ರಯೋಗಾಲಯದ ರಸೀದಿ, ಸಭೆಯ ಹಾಜರಿ ಚೀಟಿ, ವೈದ್ಯರು ಬರೆದ ಔಷಧಗಳ ಚೀಟಿ, ಪ್ರವಾಸಕ್ಕೆ ಪಡೆದ ಅನುಮತಿ ಇವೆಲ್ಲವನ್ನೂ ದಿನಾಂಕವಾರು ಜೋಡಿಸಿಡಬೇಕು. ತಪ್ಪಿಹೋದ ಒಂದು ಪರೀಕ್ಷೆಯೂ ಷರತ್ತಿನ ಉಲ್ಲಂಘನೆಯಾಗಬಹುದು. ವೋಚರ್ ಇಲ್ಲದ ಖರ್ಚನ್ನು ಲೆಕ್ಕಪರಿಶೋಧಕ ಒಪ್ಪದಂತೆ, ದಾಖಲೆಯಿಲ್ಲದ ಸಚ್ಚಾರಿತ್ರ್ಯವನ್ನು ಮಂಡಳಿಯೂ ಒಪ್ಪುವುದಿಲ್ಲ.

ಈ ಕ್ರಮದಿಂದ ಫಲವುಂಟೇ? ಅಮೆರಿಕದ 16 ರಾಜ್ಯಗಳ ವೈದ್ಯರ ಆರೋಗ್ಯ ಯೋಜನೆಗಳನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಲಿತಾಂಶ ತಿಳಿದಿದ್ದ 802 ವೈದ್ಯರ ಪೈಕಿ 631 ಮಂದಿ ಐದು ವರ್ಷಗಳ ಬಳಿಕ ಪರವಾನಗಿ ಸಹಿತ ವೃತ್ತಿಯಲ್ಲಿದ್ದರು. 87 ಮಂದಿಯ ಪರವಾನಗಿ ರದ್ದಾಗಿತ್ತು. ಹೋಲಿಕೆಗೆ ಬೇರೊಂದು ಗುಂಪು ಇಲ್ಲದ ಕಾರಣ ಶ್ರೇಯಸ್ಸನ್ನೆಲ್ಲ ನಿಗಾವಣೆಗೇ ಸಲ್ಲಿಸಲಾಗದು. ಆದರೂ ಐವರಲ್ಲಿ ಸುಮಾರು ನಾಲ್ವರು ವೃತ್ತಿಯಲ್ಲಿ ಉಳಿದುದು ಕಡೆಗಣಿಸುವ ಸಂಗತಿಯಲ್ಲ.

ದೋಷಗಳೂ ಇಲ್ಲದಿಲ್ಲ. ಪರೀಕ್ಷೆಯ ವೆಚ್ಚ ಸಾಮಾನ್ಯವಾಗಿ ಪರವಾನಗಿದಾರನ ತಲೆಯ ಮೇಲೆಯೇ ಬೀಳುತ್ತದೆ. ಆದಾಯ ಕುಗ್ಗಿದ ವೇಳೆಯಲ್ಲಿ ಅದು ಹೊರಲಾಗದ ಹೊರೆ. ಮದ್ಯಸೇವನೆಯನ್ನು ದಿನಗಳ ನಂತರವೂ ಪತ್ತೆಹಚ್ಚುವ ಇಟಿಜಿ ಎಂಬ ಮೂತ್ರಪರೀಕ್ಷೆಯು ಕೈ ಶುದ್ಧಿಗೆ ಬಳಸುವ ಆಲ್ಕೋಹಾಲ್ ದ್ರಾವಣದಿಂದಲೂ ಏರುಪೇರಾಗಬಹುದು. ಅದೊಂದನ್ನೇ ಆಧಾರವಾಗಿಸಿ ಶಿಕ್ಷಿಸಬಾರದೆಂದು ಅಮೆರಿಕದ ಸರ್ಕಾರಿ ಸಂಸ್ಥೆಯೇ 2006ರಲ್ಲಿ ಎಚ್ಚರಿಸಿತ್ತು. ದೈವಶ್ರದ್ಧೆಯನ್ನು ಆಧರಿಸಿದ ಸಭೆಗಳಿಗೆ ಪೆರೋಲ್ ಮೇಲಿರುವವನನ್ನು ಬಲವಂತವಾಗಿ ಕಳುಹಿಸುವುದು ಸಂವಿಧಾನಬಾಹಿರವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು 2007ರಲ್ಲಿ ತೀರ್ಪಿತ್ತಿದೆ. ಆದುದರಿಂದ ದೃಢೀಕರಣ ಪರೀಕ್ಷೆ, ಮೇಲ್ಮನವಿ ಹಾಗೂ ಸಭೆಯ ಆಯ್ಕೆಯ ಸ್ವಾತಂತ್ರ್ಯ ಇಲ್ಲದ ನಿಗಾವಣೆ ನ್ಯಾಯವೆನಿಸದು.

ಭಾರತಕ್ಕೆ ಈ ತತ್ತ್ವ ಅಪರಿಚಿತವೇನಲ್ಲ. 1985ರ ಮಾದಕ ದ್ರವ್ಯ ಕಾಯಿದೆಯ 64ಎ ಕಲಮು, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯ ಚಿಕಿತ್ಸೆಗೆ ಒಳಗಾಗುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಆ ರಕ್ಷಣೆ ಹಿಂದೆಗೆಯಲ್ಪಡಬಹುದು. ವಿಮಾನ ಚಾಲಕರಿಗೆ 2022ರ ಜನವರಿಯಿಂದ ಜಾರಿಗೆ ಬಂದ ಮಾದಕ ವಸ್ತು ಪರೀಕ್ಷಾ ನಿಯಮಗಳೂ ಮೊದಲ ಬಾರಿ ಸಿಕ್ಕಿಬಿದ್ದವರನ್ನು ವ್ಯಸನಮುಕ್ತಿಗೆ ಕಳುಹಿಸುವ ದಾರಿಯನ್ನು ತೆರೆದಿಟ್ಟಿವೆ.

ಸಣ್ಣ ಕೈಗಾರಿಕೆಗಳಲ್ಲಿ ಮಾತ್ರ ಇಂದಿಗೂ ಎರಡೇ ಪದ್ಧತಿ: ಕಂಡೂ ಕಾಣದಂತಿರುವುದು, ಇಲ್ಲವೇ ಒಂದು ದಿನ ದಿಢೀರನೆ ಹೊರಹಾಕುವುದು. ಮೊದಲನೆಯದರಿಂದ ಲೇತ್ ಯಂತ್ರದಲ್ಲಿ ಬೆರಳು ಹೋಗುತ್ತದೆ, ಲಾರಿ ಹಳ್ಳಕ್ಕಿಳಿಯುತ್ತದೆ. ಎರಡನೆಯದರಿಂದ ವರ್ಷಗಟ್ಟಲೆ ಪಳಗಿದ ಕೈ ಹೋಗುತ್ತದೆ, ಒಂದು ಸಂಸಾರ ಬೀದಿಗೆ ಬೀಳುತ್ತದೆ. ಮೂರನೆಯ ಮಾರ್ಗ ಸಾಧ್ಯವಿದೆ. ಕಾರ್ಮಿಕನ ಒಪ್ಪಿಗೆಯಿಂದ ಲಿಖಿತ ಕರಾರು, ಚಿಕಿತ್ಸೆಗೆ ರಜೆ, ವೈದ್ಯರ ಪ್ರಮಾಣಪತ್ರ ಬರುವವರೆಗೆ ಯಂತ್ರ ಹಾಗೂ ವಾಹನದಿಂದ ದೂರವಿರಿಸಿ ಬೇರೆ ಕೆಲಸ, ಸಭೆಗಳಿಗೆ ಹೋಗಲು ಸಮಯ, ವಿಷಯದ ಗೋಪ್ಯತೆ ಇಷ್ಟಿದ್ದರೆ ಸಾಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಒಂಟಿ ಘಟಕಕ್ಕೆ ಈ ಏರ್ಪಾಡು ಕಷ್ಟವೆನಿಸಿದರೆ ವಾಣಿಜ್ಯ ಸಂಸ್ಥೆಗಳು ಸದಸ್ಯರ ಪರವಾಗಿ ಮಾದರಿ ಕರಾರೊಂದನ್ನು ಸಿದ್ಧಪಡಿಸಿ, ಆಸ್ಪತ್ರೆಗಳೊಡನೆ ಒಡಂಬಡಿಕೆ ಮಾಡಿಕೊಳ್ಳಬಹುದು. ಕರುಣೆಗೆ ಲೆಕ್ಕವಿರಬೇಕು, ಲೆಕ್ಕಕ್ಕೆ ಕರುಣೆಯೂ ಇರಬೇಕು. ಕೆಟ್ಟ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ದುರಸ್ತಿಯ ವೆಚ್ಚವನ್ನು ಲೆಕ್ಕಹಾಕುವ ಉದ್ಯಮಿಯು, ಪಳಗಿದ ಮನುಷ್ಯನ ವಿಷಯದಲ್ಲೂ ಅಷ್ಟು ಮಾಡುವುದು ಉಚಿತ.