ಅಂಕಿಯೂ ಪಾತ್ರವೂ

ರಜೆಯ ದಿನಗಳಲ್ಲಿ ಮಕ್ಕಳು ಮೇಜಿನ ಸುತ್ತ ಕುಳಿತು, ದಾಳಗಳನ್ನುರುಳಿಸುತ್ತ, ತಾವೇ ವೀರರೆಂದೂ ಮಂತ್ರವಾದಿಗಳೆಂದೂ ಭಾವಿಸಿ ಆಡುವ ಪಾತ್ರದಾಟವು ಈಗ ನಮ್ಮಲ್ಲಿಯೂ ಕೆಲವು ಮನೆಗಳನ್ನು ಹೊಕ್ಕಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ರಚಿಸಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಬಗೆಯ ಆಟಗಳಿಗೆ ಹಿರಿಯದು. ಅದರಲ್ಲಿ ಪ್ರತಿಯೊಂದು ಪಾತ್ರಕ್ಕೂ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳುಂಟು. ಮೂರು ದಾಳಗಳ ಮೊತ್ತವೇ ಒಂದೊಂದು ಗುಣದ ಅಳತೆ. 3ಕ್ಕೆ ಕಡಿಮೆಯಿಲ್ಲ, 18ಕ್ಕೆ ಹೆಚ್ಚಿಲ್ಲ. 2014ರ ಆವೃತ್ತಿಯಲ್ಲಿ ದಾಳಕ್ಕೆ ಬದಲಾಗಿ 27 ಅಂಶಗಳನ್ನು ಹಂಚಿಕೊಳ್ಳುವ ಕ್ರಮವೂ ಉಂಟು. 1998ರ ‘ಬಾಲ್ಡರ್ಸ್ ಗೇಟ್’ ಎಂಬ ಕಂಪ್ಯೂಟರ್ ಆಟದಲ್ಲಂತೂ, ಮನಸ್ಸಿಗೊಪ್ಪುವ ಮೊತ್ತ ದೊರೆಯುವವರೆಗೆ ದಾಳವನ್ನು ಮರಳಿ ಮರಳಿ ಉರುಳಿಸಬಹುದು.

ಜಗಳ ಹುಟ್ಟುವುದು ಇಲ್ಲಿಯೇ. ಗೆಲ್ಲುವ ಅಂಕಿಗಳನ್ನು ಕೂಡಿಸುವವನು ಆಟಗಾರನೋ, ಪಾತ್ರವನ್ನು ಬಾಳುವವನು ಆಟಗಾರನೋ?

ದೊಡ್ಡಬಳ್ಳಾಪುರದ ಬಳಿಯ ಮಾಕಳಿದುರ್ಗವನ್ನೇ ರಂಗವಾಗಿ ಭಾವಿಸೋಣ. ಬೆಟ್ಟದ ಮೇಲೆ ಹಳೆಯ ಕೋಟೆ; ಕತ್ತಲೆಯಲ್ಲಿ ಹತ್ತಿ, ಕಾವಲುಗಾರನನ್ನು ಒಲಿಸಿ ಒಳಹೊಗಬೇಕು. ಅಣ್ಣನು ತನ್ನ ಸೈನಿಕನಿಗೆ ಬಲ 15 ಕೊಂಡು, ವರ್ಚಸ್ಸನ್ನು 8ಕ್ಕೇ ಬಿಟ್ಟನು. ತಂಗಿಯು ತನ್ನ ಕುರಿಗಾಹಿ ಹುಡುಗಿಗೆ ವರ್ಚಸ್ಸು 14 ಇಟ್ಟಳು. ಇಷ್ಟರವರೆಗೆ ಯಾರದೂ ತಪ್ಪಿಲ್ಲ. ಆದರೆ ಬಾಗಿಲಿಗೆ ಬಂದೊಡನೆ ಅಣ್ಣನು ತನ್ನ ಸಹಜ ಮಾತುಗಾರಿಕೆಯಿಂದ ಸೈನಿಕನ ಬಾಯಲ್ಲಿ ಜೇನು ಸುರಿಸಿ, ಆಟದ ಸೂತ್ರಧಾರನೂ ಬಾಗಿಲು ತೆರೆದನೆಂದರೆ, ತಂಗಿ ತೆತ್ತ ಅಂಶಗಳೆಲ್ಲ ನೀರುಪಾಲು. ನಾಳೆ ಆ ಹುಡುಗಿ ಆಟಕ್ಕೇ ಬರಲೊಲ್ಲಳು. ಇದು ಲೆಕ್ಕದ ದೋಷವಲ್ಲ, ಲೆಕ್ಕಕ್ಕೆ ತಕ್ಕಂತೆ ನಡೆಯದ ದೋಷ. 8 ಎಂದು ಬರೆದವನು, ‘ನನ್ನವನು ಮಾತಿನಲ್ಲಿ ಎಡವುವನು’ ಎಂದು ಜೊತೆಯವರಿಗೆ ಮಾತುಕೊಟ್ಟಂತೆ.

ಈ ವಿಷಯದಲ್ಲಿ ನಮ್ಮ ಕರಾವಳಿಯ ತಾಳಮದ್ದಳೆಯನ್ನು ನೆನೆಯಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿಯು ಕುಳಿತಲ್ಲಿಂದಲೇ ಆಶುವಾಗಿ ಪಾತ್ರದ ಮಾತನ್ನಾಡುವನು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯ ಪಾತ್ರವು ಹೆಸರಾದುದು. ಮರೆಯಿಂದ ಬಾಣವೆಸೆದ ರಾಮನನ್ನು ಪ್ರಶ್ನಿಸುವಲ್ಲಿ ವಾಲಿಯ ಅರ್ಥಧಾರಿಯು ತನ್ನ ವಿದ್ಯೆಯೆಲ್ಲವನ್ನೂ ಹೂಡಬಹುದು. ಆದರೆ ವಾದದಲ್ಲಿ ಗೆದ್ದೆನೆಂದು ಬಾಣವನ್ನು ಹಿಂದಕ್ಕೆ ಕಳುಹಲಾರನು. ಸಿದ್ಧತೆಯಿಲ್ಲದವನ ವಾಲಿಯು ಸಪ್ಪೆ. ಸಾಯಲೊಪ್ಪದವನ ವಾಲಿಯು ವಾಲಿಯೇ ಅಲ್ಲ.

ಆದುದರಿಂದ ಲೆಕ್ಕ ಬಲ್ಲವನಿಗೆ ಭಾವ ಬಾರದೆಂಬುದೂ, ಭಾವವುಳ್ಳವರಿಗೆ ಲೆಕ್ಕ ಬೇಡವೆಂಬುದೂ ಎರಡೂ ಸಲ್ಲದ ಮಾತು. ಮಕ್ಕಳ ವ್ಯಾಜ್ಯವು ಹಿರಿಯರ ಮುಂದೆ ಬಂದಾಗ, ‘ನಿನ್ನ ಅಂಕಿ ಎಷ್ಟು?’ ಎಂದು ಕೇಳುವುದಕ್ಕಿಂತ, ‘ಹಿರಿಯಂಕಿಯ ಸುಖವನ್ನು ಉಂಡೆಯಲ್ಲ, ಕಿರಿಯಂಕಿಯ ಕಷ್ಟವನ್ನೂ ಉಂಡೆಯಾ?’ ಎಂದು ಕೇಳುವುದು ಲೇಸು. ಕೊರತೆಯನ್ನು ಮುಚ್ಚದೆ ಆಡಲು ಕಲಿತ ಮಗುವಿಗೆ, ಜೊತೆಯವರ ಸಹಾಯವನ್ನು ಕೇಳಲು ನಾಚಿಕೆಯಿರುವುದಿಲ್ಲ. ಆಟದಿಂದ ಮನೆಗೆ ಬರಬೇಕಾದ ಲಾಭವೂ ಇದೇ ಎಂದು ನಾವು ಬಗೆದಿದ್ದೇವೆ.