ದಸರೆಯ ಬಂಗಾರ ಯಾವ ಎಲೆ?

ಊರಲ್ಲಿ ಬನ್ನಿ ಹಂಚುತ್ತಿದ್ದ ನಾವು ಮುಂಬಯಿಗೆ ಬಂದ ಮೇಲೆ ದಾದರಿನ ಹೂಪೇಟೆಯಿಂದ ಆಪಟಾ ಎಲೆ ತಂದು ಬಂಗಾರವೆಂದು ಹಂಚುತ್ತೇವೆ. ಆದರೆ ಪೇಟೆಯ ಕಟ್ಟಿನಲ್ಲಿ ಬರುವುದೆಲ್ಲ ಆಪಟಾ ಅಲ್ಲ. ಎಷ್ಟೋ ಸಲ ಅದರ ದಾಯಾದಿ ಕಾಂಚನದ ಎಲೆಯೂ ಸೇರಿರುತ್ತದೆ.

ಎರಡೂ ನಮ್ಮ ಅವರೆ, ತೊಗರಿಗಳ ಕುಲದವೇ. ಎರಡರ ಎಲೆಯೂ ಎತ್ತಿನ ಗೊರಸಿನಂತೆ ಸೀಳಿದ್ದು. ಬಸವನಪಾದವೆಂಬ ಹೆಸರು ಬಂದದ್ದು ಅದರಿಂದಲೇ. ಜೋಡಿಯಾಗಿರುವ ಈ ಎಲೆಯನ್ನು ಕಂಡು ಸಸ್ಯಶಾಸ್ತ್ರಜ್ಞರು ಬೌಹಿನ್ ಸೋದರರಿಬ್ಬರ ಹೆಸರನ್ನು ಈ ಬಳಗಕ್ಕಿಟ್ಟರು.

ಗುರುತಿಸುವುದು ಸುಲಭ. ಆಪಟಾದ ಎಲೆ ಚಿಕ್ಕದು, ದಪ್ಪ. ಉದ್ದಕ್ಕಿಂತ ಅಗಲವೇ ಹೆಚ್ಚು. ತಿಳಿಹಳದಿಯ ಸಣ್ಣ ಹೂಗಳು ಬೇಸಿಗೆಯಲ್ಲಿ ಗೊಂಚಲಾಗಿ ಅರಳುತ್ತವೆ. ಕಾಂಚನದ ಎಲೆ ದೊಡ್ಡದು. ಅದರ ನೇರಳೆಗೆಂಪು ಜಾತಿ ಹೂಬಿಡುವುದು ದಸರೆ, ದೀಪಾವಳಿಗಳ ಸುಮಾರಿಗೇ. ಹೂ ಮೂಡುವ ಹೊತ್ತಿಗೇ ನಾವು ಅದರ ಕೊಂಬೆ ಮುರಿಸಿದಂತಾಯಿತು!

ಬನ್ನಿಯೂ ಇದೇ ಕುಲದ ಮರ. ಆದ್ದರಿಂದ ಆಪಟಾ ಕೊಟ್ಟರೆ ಊರಿನ ನಂಟು ತಪ್ಪಿತೆಂಬ ಅಳುಕು ಬೇಡ. ಆದರೆ ಕಟ್ಟುಗಟ್ಟಲೆ ಎಲೆ ತಂದು ಮರುದಿನ ಕಸಕ್ಕೆ ಚೆಲ್ಲುವುದೇಕೆ? ಹಿರಿಯರ ಕೈಗೆ ಒಂದೇ ಎಲೆಯಿಟ್ಟು ನಮಸ್ಕರಿಸಿದರೆ ಸಾಲದೆ? ಮಕ್ಕಳಿಂದ ಅಂಗಳದಲ್ಲಿ ಒಂದು ಆಪಟಾ ಸಸಿ ನೆಡಿಸೋಣ; ಬಂಗಾರವು ಮನೆಯ ಮುಂದೆಯೇ ಬೆಳೆಯಲಿ.